ಕಿಟ್ಟೆಲ್ಲರ ‘ಕಥಾಮಾಲೆ’ ಮತ್ತು ಕನ್ನಡ ಕ್ರೈಸ್ತ ಸಮೂಹಗಾಯನ

ಹೆಬ್ಬಾಳವೂ ಸೇರಿದಂತೆ ಬೆಂಗಳೂರಿನ ಕನ್ನಡ ಪ್ರೊಟೆಸ್ಟೆಂಟ್ ಸಭೆಗಳ ಆರಾಧನೆಯಲ್ಲಿ ಎರಡು ಬಗೆಯ ಹಾಡುಗಾರಿಕೆ ಅಕ್ಕಪಕ್ಕದಲ್ಲಿ ಉಳಿದುಬಂದಿದೆ. ಒಂದು, ಐರೋಪ್ಯ ಸ್ತೋತ್ರಗೀತೆಗಳ ಧಾಟಿಗೆ ಕನ್ನಡದ ಮಾತನ್ನು ಹೊಂದಿಸಿದ್ದು. ಇನ್ನೊಂದು, ಪಲ್ಲವಿ-ಚರಣಗಳುಳ್ಳ ಕೀರ್ತನೆಯ ಜಾಡಿನದು. ಈ ಇಬ್ಬಗೆಯ ಹಿಂದಿರುವ ರಚನಾಸಮಸ್ಯೆಯನ್ನು ಕವಿಯಾಗಿ ಎದುರಿಸಿದವರಲ್ಲಿ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ (1832–1903) ಪ್ರಮುಖರು. 1894ರ ನಿಘಂಟಿನ ಕೀರ್ತಿಯು ಅವರ ಈ ಮುಖವನ್ನು ಬಹುಮಟ್ಟಿಗೆ ಮರೆಮಾಡಿದೆ.

ಬಾಸೆಲ್ ಮಿಷನ್ನಿನ ಮೂಲಕ 1853ರಲ್ಲಿ ಕರ್ನಾಟಕಕ್ಕೆ ಬಂದ ಕಿಟ್ಟೆಲ್ಲರಿಗೆ ಸಭೆಯೆಲ್ಲ ಒಂದಾಗಿ ಹಾಡುವ ಜರ್ಮನ್ ‘ಕೋರಾಲ್’ ಸಂಪ್ರದಾಯ ಹುಟ್ಟಿನಿಂದಲೇ ಪರಿಚಿತ. ಲೂಥರನು ಜನಭಾಷೆಯಲ್ಲಿ ನೆಲೆಗೊಳಿಸಿದ, ಬಾಖ್ ನಾಲ್ಕು ಧ್ವನಿಗಳಲ್ಲಿ ವಿಸ್ತರಿಸಿದ ಗಾಯನವದು. ಅದರ ಸಾಲು ಅಕ್ಷರಗಳ ಎಣಿಕೆಯ ಮೇಲೆ, ಒತ್ತಿನ ಏರಿಳಿತದ ಮೇಲೆ ನಡೆಯುತ್ತದೆ. ಕನ್ನಡದ ನಡೆಯಾದರೋ ಲಘು-ಗುರುಗಳದು. ಮೊದಲೇ ಗೊತ್ತಾದ ಧಾಟಿಗೆ ಕನ್ನಡ ಮಾತನ್ನು ಕೂರಿಸಿದಾಗ ದೀರ್ಘಾಕ್ಷರ ಕಿರುಸ್ವರಕ್ಕೆ ಸಿಕ್ಕಿ ಮೊಟಕಾಗುತ್ತದೆ, ಹ್ರಸ್ವ ಹಿಗ್ಗುತ್ತದೆ, ಪದದ ಅರ್ಥವೇ ಕದಡುವುದುಂಟು. ಸಾಲಿನ ಕೊನೆಯ ಪ್ರಾಸಕ್ಕೆ ಒಗ್ಗಿದ ಧಾಟಿಯು ಕನ್ನಡದ ದ್ವಿತೀಯಾಕ್ಷರ ಪ್ರಾಸಕ್ಕೆ ಯಾವ ಆಸರೆಯನ್ನೂ ಕೊಡುವುದಿಲ್ಲ.

ಕ್ರಿಸ್ತನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸಿದ ‘ಕಥಾಮಾಲೆ’ (1862) ಈ ತೊಡಕಿಗೆ ದೊರೆತ ಉತ್ತರವಾಗಿದೆ. ಅವರು ಸಂಪಾದಿಸಿದ ‘ಶಬ್ದಮಣಿದರ್ಪಣ’ 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿಯೂ ಹೊರಬಂದವು. ಎಂದರೆ, ಪದ್ಯರಚನೆಯ ಅನುಭವ ಶಾಸ್ತ್ರಗ್ರಂಥದ ಪ್ರಕಟಣೆಗಿಂತ 13 ವರ್ಷ ಹಿಂದಿನದು. ಛಂದಸ್ಸು ಅವರಿಗೆ ಬರಿಯ ಪಾಂಡಿತ್ಯದ ವಿಷಯವಾಗಿರಲಿಲ್ಲ. ಬಳಸಿ ನೋಡಿದ ಸಾಧನವಾಗಿತ್ತು.

ಹಾಗಾದರೆ ಕಿಟ್ಟೆಲ್ಲರನ್ನು ವಾಗ್ಗೇಯಕಾರರೆಂದು ಕರೆಯಬಹುದೇ? ಮಾತು ಮತ್ತು ಧಾತು ಎರಡನ್ನೂ ಕಟ್ಟುವವನೇ ವಾಗ್ಗೇಯಕಾರ ಎಂಬ ಕಟ್ಟುನಿಟ್ಟಿನ ಲಕ್ಷಣವನ್ನು ಒಪ್ಪಿದರೆ, ಇಲ್ಲ. ಆದರೆ ಕನ್ನಡದ ಕಥನ ಛಂದಸ್ಸುಗಳಲ್ಲಿ ಲಯವು ಮಾತಿನೊಳಗೇ ಅಡಗಿರುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಸರದಿ, ಮೂರನೆಯ ಮತ್ತು ಆರನೆಯ ಸಾಲುಗಳ ನೀಳ ನಡೆ, ಕೊನೆಯ ಗುರು, ಇಷ್ಟು ತಿಳಿದ ಗಮಕಿಗೆ ಸ್ವರಲಿಪಿಯ ಹಂಗಿಲ್ಲ. ಬಾಸೆಲ್ಲಿನ ಪಾದ್ರಿಯೊಬ್ಬರು ಕುಮಾರವ್ಯಾಸನ ನಾಡಿನ ಈ ಗುಟ್ಟನ್ನು ಹಿಡಿದದ್ದು ಸಣ್ಣ ಸಂಗತಿಯಲ್ಲ.

ಆದರೂ ‘ಕಥಾಮಾಲೆ’ಯ ಮಿತಿ ಇಲ್ಲಿಯೇ ಇದೆ. ಕಥನ ಛಂದಸ್ಸು ಒಬ್ಬ ವಾಚಕನನ್ನೂ ಅನೇಕ ಕೇಳುಗರನ್ನೂ ಬಯಸುತ್ತದೆ. ಆರಾಧನಾ ಸಭೆಗೆ ಬೇಕಾದದ್ದು ಎಲ್ಲರೂ ಹಾಡುವ ಪದ. ಕನ್ನಡದಲ್ಲಿ ಸಮೂಹಗಾಯನದ ಕೀಲು ಪಲ್ಲವಿ. ಹರಿದಾಸರ ಭಜನೆಯಲ್ಲಿ ಒಬ್ಬ ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುವುದು ಆ ಮರುಕಳಿಕೆಯಿಂದಲೇ. ಕಿಟ್ಟೆಲ್ಲರು ಮಾತ್ರೆಯ ಸಮಸ್ಯೆಯನ್ನು ಬಿಡಿಸಿದರು, ಮೇಳದ ಸಮಸ್ಯೆಯನ್ನಲ್ಲ. ಕೋರಾಲಿನ ಬಹುಧ್ವನಿಗೆ ಸಮನಾದದ್ದನ್ನು ಷಟ್ಪದಿಯಂಥ ಕಥನಬಂಧದಲ್ಲಿ ಹುಡುಕಿದರೆ ಸಿಕ್ಕುವುದೂ ಇಲ್ಲ. ಸ್ವರಮೇಳದ ಬದಲು ತಾಳಮೇಳವನ್ನು ನೆಚ್ಚುವ ಕ್ರೈಸ್ತ ಕೀರ್ತನೆಯು ಈ ತೆರಪನ್ನು ತುಂಬಿತು. ಹಾಗೆಂದು ಐರೋಪ್ಯ ಧಾಟಿಗಳೇನೂ ಮರೆಯಾಗಲಿಲ್ಲ. ತಲೆಮಾರುಗಳ ಬಳಕೆಯಿಂದ ಅವುಗಳ ಮೊಟಕು ದೀರ್ಘಗಳೂ ಹಿಗ್ಗಿದ ಹ್ರಸ್ವಗಳೂ ಹಾಡುವವರ ಕಿವಿಗೆ ಸಹಜವೆನಿಸಿಬಿಟ್ಟಿವೆ.