ಬಾಗಿಲ ಹೊರಗಿನ ಕಂದೀಲು

ಮಾರ್ಚ್ 31 ಅಂದರೆ ಬ್ಯಾಂಕಿನವನ ಪಾಲಿಗೆ ಹಬ್ಬವಲ್ಲ, ಲೆಕ್ಕ ಮುಗಿಸುವ ದಿನ. ನೌಕರಿಯಲ್ಲಿ ಇರುವತನಕ ಆ ರಾತ್ರಿ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಉಂಡದ್ದು ನನಗೆ ನೆನಪಿಲ್ಲ. 2025ರಲ್ಲಿ ರಂಜಾನ್ ಹಬ್ಬ ಅದೇ ದಿನ ಬಂತು. ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕುಗಳಿಗೆ ರಜೆ ರದ್ದಾಗಿತ್ತು. ನಿವೃತ್ತನಾದ ನಾನು ಬಚಾವಾಗಿದ್ದೆ. ಹಿಂದಿನ ದಿನ ಯುಗಾದಿ. ನಾವಿರುವ ಪುಣೆಯಲ್ಲಿ ಅದು ಗುಡಿ ಪಾಡವಾ. ನಮ್ಮ ಕಟ್ಟಡದ ಕಿಟಕಿ ಕಿಟಕಿಗೂ ಗುಡಿ ಏರಿತ್ತು: ಬಣ್ಣದ ಖಣ, ಬೇವಿನ ಸೊಪ್ಪು, ಸಕ್ಕರೆ ಸರ, ಮೇಲೆ ಬೋರಲು ಹಾಕಿದ ತಂಬಿಗೆ. ಮೂವತ್ತೆರಡು ಮನೆಗಳಲ್ಲಿ ಮುಸಲ್ಮಾನರ ಮನೆ ನಮ್ಮದೊಂದೇ. ಏಳು ವರ್ಷದ ಮೊಮ್ಮಗಳು ವರಾಂಡಾದಲ್ಲಿ ನಿಂತು ಎಲ್ಲ ಬಾಗಿಲುಗಳನ್ನು ನೋಡಿ ಬಂದು ಕೇಳಿದಳು: "ದಾದಾ, ನಮ್ಮ ಹಬ್ಬ ಮಾತ್ರ ಒಳಗ ಯಾಕ ಇರ್ತದ?"

ಒಳಗೆ ಏನೂ ಕಡಿಮೆ ಇರಲಿಲ್ಲ. ರಂಜಾನ್ ಹಿಡಿಯುವ ಮೊದಲೇ ಸೊಸೆ ಒಂದು ಅಲಂಕಾರದ ಪೆಟ್ಟಿಗೆ ತರಿಸಿದ್ದಳು. ಬೆಲೆ 1,480 ರೂಪಾಯಿ. ಹಳೆ ಚಟ, ಅದನ್ನು ಆಡಿಟ್ ಮಾಡಿಯೇ ಬಿಟ್ಟೆ. ಬಂಗಾರ ಬಣ್ಣದ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದ 'ಈದ್ ಮುಬಾರಕ್' ಸರ. ಹನ್ನೆರಡು ಬಲೂನು. ಒಮ್ಮೆ ತಿಂದು ಎಸೆಯುವ ಚಂದ್ರನ ಚಿತ್ರದ ತಟ್ಟೆ. ದೀಪ ಸುತ್ತಿದ ಒಂದು ಅರ್ಧಚಂದ್ರದ ಸ್ಟ್ಯಾಂಡು. ಅದನ್ನು ನೋಡಿದರೆ ಕ್ರಿಸ್‌ಮಸ್ ಮರದ ತಮ್ಮನ ಹಾಗೆ ಕಾಣುತ್ತಿತ್ತು. ಎರಡು ಪ್ಲಾಸ್ಟಿಕ್ ಫಾನೂಸ್. ಮೂವತ್ತು ಕಿಸೆಗಳ ಒಂದು ಬಟ್ಟೆ, ರೋಜಾ ದಿನಕ್ಕೊಂದು ಕಿಸೆ.

ಈ ಕಿಸೆಯ ಬಟ್ಟೆ ಒಂದನ್ನು ಮಾತ್ರ ನಾನು ಒಪ್ಪಿದೆ. ಇದೂ ಕ್ರಿಸ್‌ಮಸ್ ಮುಂಚೆ ದಿನ ಎಣಿಸುವವರಿಂದ ಎರವಲು ತಂದದ್ದೇ, ಇರಲಿ. ದಿನಾ ಸಂಜೆ ಹುಡುಗಿ ಒಂದು ಕಿಸೆಗೆ ಕೈ ಹಾಕಿ ಖರ್ಜೂರ ತೆಗೆಯುತ್ತಿದ್ದಳು. ಹಸಿವಿನ ತಿಂಗಳು ಮಗುವಿಗೂ ಲೆಕ್ಕಕ್ಕೆ ಸಿಕ್ಕಿತು. ಆದರೆ ಇದನ್ನು ದುಡ್ಡು ಕೊಟ್ಟು ತರಬೇಕೆ? ಹಳೆ ಲುಂಗಿ, ಹಳೆ ಸೀರೆ ತುಂಡು ಮಾಡಿ ನಮ್ಮ ಮನೆಯಾಕೆ ಒಂದು ಮಧ್ಯಾಹ್ನದಲ್ಲಿ ಹೊಲಿದಾಳು.

ಉಳಿದದ್ದರ ಮೇಲೆ ನನ್ನ ತಕರಾರು ಬರೀ ದುಡ್ಡಿನದಲ್ಲ. ಆ ಫಾನೂಸನ್ನೇ ನೋಡಿ. ಅದು ಕೈರೋದ ಚೀಜು. ಅಲ್ಲಿ ತಗಡು ಕತ್ತರಿಸಿ, ಬಣ್ಣದ ಗಾಜು ಕೂಡಿಸಿ, ರಂಜಾನಿಗೆ ಬೀದಿ ಬೀದಿಗೆ ತೂಗುಹಾಕುತ್ತಾರೆ. ಹೊರಗಿನ ಅಗ್ಗದ ಮಾಲು ಬಂದು ಆ ಕುಶಲಕರ್ಮಿಗಳ ಹೊಟ್ಟೆಗೆ ಕುತ್ತು ತಂದಿತೆಂದು ಈಜಿಪ್ಟ್ ಸರ್ಕಾರ 2015ರಲ್ಲಿ ಆಮದನ್ನೇ ನಿಷೇಧಿಸಿತು. ಕೈರೋದವರು ಬೇಡವೆಂದ ಅಂಥ ಮಾಲನ್ನು ಪುಣೆಯ ನಾವು ಹಬ್ಬದ ಶೋಭೆ ಎಂದು ಗೋಡೆಗೆ ಹೊಡೆದುಕೊಳ್ಳುತ್ತೇವೆ! ದೀಪ ಬೇಕೆಂದರೆ ನಮ್ಮಲ್ಲಿ ಶಬ್ದವೇ ಇದೆಯಲ್ಲ: ಕಂದೀಲು. ಗದಗದಲ್ಲಿ ನಮ್ಮ ಅವ್ವ ಸಂಜೆಗೆ ಬೂದಿಯಿಂದ ಗಾಜು ತಿಕ್ಕಿ ಹಚ್ಚುತ್ತಿದ್ದ ಕಂದೀಲು ಅರಬಿಯ 'ಕಿಂದೀಲ್' ಶಬ್ದವೇ. ತುರ್ಕಿಯಲ್ಲಿ ಪವಿತ್ರ ರಾತ್ರಿಗಳಿಗೇ 'ಕಂದಿಲ್' ಎಂದು ಹೆಸರು. ಆ ರಾತ್ರಿ ಮಿನಾರುಗಳಲ್ಲಿ ದೀಪ ಹಚ್ಚುತ್ತಿದ್ದರಂತೆ. ಮಹಾರಾಷ್ಟ್ರದಲ್ಲಿ ದೀಪಾವಳಿಗೆ ಮನೆ ಮನೆ ಮುಂದೆ ತೂಗುವುದು ಆಕಾಶ ಕಂದೀಲು. ಅರಬ್ಬರ ಶಬ್ದ ಹಿಂದೂಗಳ ಬಾಗಿಲಲ್ಲಿ ನೆಮ್ಮದಿಯಿಂದ ತೂಗುತ್ತಿದೆ, ನಾವು ಮಾತ್ರ ಪ್ಲಾಸ್ಟಿಕ್ ತರಿಸುತ್ತೇವೆ.

ಅಗ್ಗದಲ್ಲಿ ಮನೆ ಸಿಂಗರಿಸುವುದು ಹೇಗೆ ಎಂದು ಪತ್ರಿಕೆಗಳಲ್ಲಿ ಬರುವ ಪುಟಗಳನ್ನೂ ಓದಿದ್ದೇನೆ. ಅವುಗಳ ಅಗ್ಗ ಶುರುವಾಗುವುದೇ ಖರೀದಿಯಿಂದ. ಮೊದಲು 'ಥೀಮ್' ಆರಿಸಿಕೊಳ್ಳಿ, ಬಿಳಿ-ಬಂಗಾರ ಇರಲಿ, ಕುಶನ್ ಕವರು ಬದಲಿಸಿ. ಹಿಜರಿ ವರ್ಷಕ್ಕೆ 354 ದಿನ, ಹಬ್ಬ ವರ್ಷಾ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, 2018ರಲ್ಲಿ ಅದು ಜೂನ್ ನಡುವೆ ಬಂದಿತ್ತು ಎಂಬುದು ಬರೆಯುವವರ ಗಮನದಲ್ಲೇ ಇರುವುದಿಲ್ಲ. ಒಂದು ವರ್ಷ ಬಿಸಿಲಿಗೆ ತಂದದ್ದು ಇನ್ನೊಂದು ವರ್ಷ ಮಳೆಗೆ ಬಾರದು. ಇನ್ನೊಂದು ಮಾತು. ಈದ್ ನಮಾಜಿಗೆ ಮುಂಚೆ ತಲೆಗೆ ಇಷ್ಟೆಂದು ಬಡವರಿಗೆ ಫಿತ್ರಾ ಕೊಡಬೇಕು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹಬ್ಬದ ದುಡ್ಡಿನ ಮೇಲೆ ಮೊದಲ ಹಕ್ಕು ಅದರದು. ಅದು ಕಳೆದು ಉಳಿದದ್ದರಲ್ಲಿ ಬಲೂನು.

ನಮ್ಮ ಅವ್ವನ ಕಾಲದಲ್ಲಿ ಅಲಂಕಾರ ಅಂತ ಯಾರೂ ಅನ್ನುತ್ತಿರಲಿಲ್ಲ. ರಂಜಾನಿಗೆ ಮುಂಚೆ ಗೋಡೆಗೆ ಸುಣ್ಣ, ಹಬ್ಬದ ಹಿಂದಿನ ದಿನ ನೆಲ ಸಾರಿಸುವುದು, ಒಗೆದ ಚಾದರ, ಬಾಗಿಲಿಗೆ ಹೊಸ ಪರದೆ, ಊದುಬತ್ತಿ. ಬರುವವರಿಗೆ ಹಾಸಲು ಪಕ್ಕದ ಲಿಂಗಾಯತರ ಮನೆಯಿಂದ ಜಮಖಾನೆ. ಅವರ ಮನೆಯ ಮದುವೆಗೆ ನಮ್ಮ ದೊಡ್ಡ ಪಾತೇಲಿ ಹೋಗುತ್ತಿತ್ತು. ಹಬ್ಬದ ದಿನ ಬಾಗಿಲು ಹಾಕುತ್ತಲೇ ಇರಲಿಲ್ಲ. ಸುರಕುಂಬಾ ಕುಡಿಯಲು ಓಣಿಯೆಲ್ಲ ಒಳಗೆ ಬರುತ್ತಿತ್ತು. ಖರ್ಚು ಅಂದರೆ ಸುಣ್ಣದ್ದು ಮತ್ತು ಪರದೆಯದು.

ಇದನ್ನೆಲ್ಲ ಹೇಳಿ ಮೊಮ್ಮಗಳನ್ನು ಸಮಾಧಾನ ಮಾಡಬಹುದಿತ್ತು. ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡದ್ದೂ ಇದನ್ನೇ: ನಮ್ಮದು ಸರಳ ಹಬ್ಬ, ತೋರಿಕೆ ಬೇಡ. ಆದರೆ ಅವಳ ಪ್ರಶ್ನೆಯ ಮುಂದೆ ಈ ಮಾತು ನಿಲ್ಲಲಿಲ್ಲ. ಪುಣೆಗೆ ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕುತ್ತಾ ಹೆಸರು ಹೇಳಿದ ಮೇಲೆ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎಂಬ ಮಾತನ್ನು ಐದಾರು ಕಡೆ ಕೇಳಿದ್ದೆ. ಕೊಂಢವಾದಲ್ಲಿ ನಮ್ಮವರ ನಡುವೆ ಮನೆ ಮಾಡಿದ್ದರೆ ಬಾಲ್ಕನಿ ಬಾಲ್ಕನಿಗೂ ದೀಪ ಇರುತ್ತಿತ್ತು, ನನ್ನದೂ ಇರುತ್ತಿತ್ತು. ಇಲ್ಲಿ ಸ್ವಂತ ಮನೆ ಕೊಂಡ ಮೇಲೂ ಬಾಗಿಲ ಹೊರಗೆ ಏನೂ ಕಟ್ಟಲಿಲ್ಲ. ಅದು ಸರಳತೆ ಆಗಿರಲಿಲ್ಲ. ಅಂಜಿಕೆ. ಆ 1,480 ರೂಪಾಯಿಯ ಪೆಟ್ಟಿಗೆಯೂ ಒಳಗಿನ ಗೋಡೆಗೇ ಅಂಟಿಕೊಂಡು ಕೂತಿತ್ತು. ಬಹುಶಃ ಅದಕ್ಕೇ ನನಗೆ ಅದರ ಮೇಲೆ ಅಷ್ಟು ಸಿಟ್ಟು.

"ಬಾ, ಕಂದೀಲು ಮಾಡೋಣು" ಅಂದೆ.

ಬಾಲ್ಕನಿಯ ಹಳೆ ಬಿದಿರು ಚಿಕ್ ಹರಿದು ಮೂಲೆಗೆ ಬಿದ್ದಿತ್ತು. ಅದರ ಕಡ್ಡಿ ಬಿಡಿಸಿ ದಾರದಿಂದ ಆರು ಮೂಲೆಯ ಚೌಕಟ್ಟು ಕಟ್ಟಿದೆವು. ಗಾಳಿಪಟದ ಹಾಳೆ ಆರು, ಹಸಿರು ಮತ್ತು ಹಳದಿ, 30 ರೂಪಾಯಿ. ಮೈದಾ ಕುದಿಸಿದ ಅಂಟು. ಹೋಲ್ಡರು, ವೈರು, ಸಣ್ಣ ಎಲ್‌ಇಡಿ ಬಲ್ಬು ಸೇರಿ 170. ಮೋಂಬತ್ತಿ ಇಡೋಣ ಅಂದಳು, ಕಾಗದದ ಒಳಗೆ ಬೆಂಕಿ ಬೇಡವೆಂದೆ. ಒಟ್ಟು 200 ರೂಪಾಯಿ. ರೋಜಾ ಇದ್ದವನಿಗೆ ಗಂಟಲು ಒಣಗಿತ್ತು, ಕೈ ನಡುಗಿ ಒಂದು ಮೂಲೆ ಸೊಟ್ಟಗಾಯಿತು. ಸೊಸೆ ಏನೂ ಅನ್ನದೆ ಬಂದು ಕೆಳಗೆ ಜರಿ ಅಂಚಿನ ಬಾಲ ಅಂಟಿಸಿದಳು. ಚಂದ್ರ ಕಂಡ ಸುದ್ದಿ ಬಂದ ಮೇಲೆ ಸ್ಟೂಲ್ ಹಾಕಿಕೊಂಡು ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿದೆ.

ಎದುರು ಮನೆಯ ಕಾಕೂ ಬಾಗಿಲು ತೆಗೆದು ನೋಡಿ, ದಿವಾಳಿ ಈಗಲೇ ಬಂತಾ ಎಂದು ಮರಾಠಿಯಲ್ಲಿ ಕೇಳಿದರು. ಮೊಮ್ಮಗಳು, ಇದು ಈದಿನ ಕಂದೀಲು ಎಂದಳು. ಮೇಲಿನ ಮಹಡಿಯವರೊಬ್ಬರು ನೋಡಿಯೂ ನೋಡದ ಹಾಗೆ ಮೆಟ್ಟಿಲು ಹತ್ತಿ ಹೋದರು. ಮರುದಿನ ಸೊಸೈಟಿಯ ಕಾರ್ಯದರ್ಶಿಗಳು ಬಂದು, ಕರೆಂಟು ವರಾಂಡಾದ ಲೈಟಿನಿಂದ ತೆಗೆದಿದ್ದೀರಾ ಎಂದು ವಿಚಾರಿಸಿದರು. ಕಿಟಕಿಯಿಂದ ನಮ್ಮ ಮೀಟರಿಗೇ ಹೋದ ವೈರನ್ನು ತೋರಿಸಿದೆ. ಸ್ವಿಚ್ ತಾವೇ ಒಮ್ಮೆ ಆರಿಸಿ, ಹಾಕಿ ನೋಡಿದರು. ಆಮೇಲೆ ಕೂತು ಸುರಕುಂಬಾ ಕುಡಿದು, ಇನ್ನೊಂದು ಬಟ್ಟಲು ಮನೆಗೆ ಕಟ್ಟಿಸಿಕೊಂಡು ಹೋದರು.

ಬಕ್ರೀದ್ ಬರುವಷ್ಟರಲ್ಲಿ ಮಳೆಗಾಲ ಶುರುವಾಗಿ ಹಾಳೆ ಹರಿದಿತ್ತು. ಬಿದಿರಿನ ಚೌಕಟ್ಟು ಇನ್ನೂ ಗಟ್ಟಿ ಇದೆ, ಮೊಳೆಯೂ ಅಲ್ಲೇ ಇದೆ.