ಗಾಳಿಗೆ ಕೊಟ್ಟ ಐದು ಸ್ವರ

ಗಾಳಿಗಂಟೆ ಕೊಳ್ಳುವಾಗ ಎಲ್ಲರೂ ಅದನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ನಾನು ಮೊದಲು ನೋಡುವುದು ತೂತನ್ನು. ಕೊಳವೆಯ ತುದಿಯಿಂದ ಅದರ ಉದ್ದದ ಶೇ. 22.4ರಷ್ಟು ಕೆಳಗೆ, ಅಂದರೆ ಒಂದು ಮೀಟರಿಗೆ 22 ಸೆಂಟಿಮೀಟರ್ ಚಿಲ್ಲರೆ, ದಾರ ಪೋಣಿಸಿರಬೇಕು. ಇಡೀ ಕೊಳವೆ ನಡುಗುವಾಗಲೂ ಅಲುಗದೆ ನಿಲ್ಲುವ ಜಾಗ ಅದು. ಅಲ್ಲಿ ತೂಗಿದರೆ ನಾದ ಬಹಳ ಹೊತ್ತು ಉಳಿಯುತ್ತದೆ. ತುದಿಗೇ ಕಟ್ಟಿದ್ದು ಟಣ್ ಎಂದು ಸುಮ್ಮನಾಗುತ್ತದೆ.

ಶ್ರುತಿಯ ಲೆಕ್ಕ ಇನ್ನೂ ಸೊಗಸು. ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದರೆ ಸ್ವರ ಏರುವುದು ಒಂದು ಸ್ಥಾಯಿಯಲ್ಲ, ಎರಡು! ವೀಣೆಯ ತಂತಿಯ ಲೆಕ್ಕ ಇಲ್ಲಿ ನಡೆಯದು. ಇನ್ನು ಸ್ವರಗಳ ಆಯ್ಕೆ. ಅಮೆರಿಕದ ತಾಳವಾದ್ಯಗಾರ ಗ್ಯಾರಿ ಕ್ವಿಸ್ಟಾಡ್ ತನ್ನ ಮೊದಲ ಗಾಳಿಗಂಟೆಯನ್ನು ಮಾಡಿದ್ದು ಎಸೆದ ಕುರ್ಚಿಯೊಂದರ ಅಲ್ಯೂಮಿನಿಯಂ ಕೊಳವೆಗಳಿಂದ. ಅದಕ್ಕೆ ಕೂಡಿಸಿದ್ದು ಪ್ರಾಚೀನ ಗ್ರೀಕರ ಸ್ವರಶ್ರೇಣಿ. ನನ್ನ ಕಿವಿಗೆ ಮೋಹನ ರಾಗದ ಐದು ಸ್ವರಗಳೇ ಹಿತ. ಗಾಳಿಗೇನು ರಾಗಜ್ಞಾನವೇ? ಅದು ಯಾವುದರ ಜೊತೆ ಯಾವುದನ್ನು ಬಾರಿಸಿದರೂ ಚುಚ್ಚುವಂಥ ಜೋಡಿ ಮೋಹನದಲ್ಲಿಲ್ಲ.

ಕರಾವಳಿಯ ಉಪ್ಪುಗಾಳಿಗೆ ಸಾದಾ ಉಕ್ಕು ಬೇಡ, ಆನೋಡೈಸ್ ಮಾಡಿದ ದಪ್ಪ ಅಲ್ಯೂಮಿನಿಯಂ ಇರಲಿ. ಆದರೂ ಮೊದಲು ಸೋಲುವುದು ಲೋಹವಲ್ಲ, ದಾರ. ಬಿಸಿಲಿಗೆ ಅದರ ಎಳೆ ಬಿಚ್ಚತೊಡಗಿದರೆ, ಮಳೆಗಾಲದ ಗಾಳಿಗೆ ಮುಂಚೆಯೇ ಬದಲಿಸಿಬಿಡಿ.