ಅಕ್ಷರಸಂಕೇತಗಳ ಪರಿವರ್ತನ: ಒಂದು ವಿಮರ್ಶೆ

ಗ್ರಂಥಗಳು ತಾಳೆಯೋಲೆಯಿಂದ ಕಾಗದಕ್ಕೂ ಕಾಗದದಿಂದ ಅಚ್ಚಿಗೂ ಬಂದಾಗ ಪ್ರತಿಯೊಂದು ಸಂಕ್ರಮಣದಲ್ಲಿಯೂ ಪಾಠವು ಕೆಡುವ ಸಂಭವವಿದ್ದಿತೆಂಬುದು ಗ್ರಂಥಸಂಪಾದಕರಿಗೆ ವಿದಿತವೇ ಆಗಿದೆ. ಈಗ ಅವು ಗಣಕಯಂತ್ರದ ಒಂದು ಸಂಕೇತದಿಂದ ಮತ್ತೊಂದಕ್ಕೆ ಸಂಕ್ರಮಿಸುತ್ತಿವೆ. ಲಿಪಿಕಾರನ ಪ್ರಮಾದವು ಒಂದು ಪ್ರತಿಯನ್ನೂ ಅದರ ಸಂತತಿಯನ್ನೂ ಮಾತ್ರ ಕೆಡಿಸುತ್ತಿದ್ದಿತು. ಜಾಲತಾಣದ ಹಿನ್ನೆಲೆಯಲ್ಲಿ ಕೆಲಸಮಾಡುವ ಪರಿವರ್ತಕ ತಂತ್ರಾಂಶದ ಒಂದು ದೋಷವಾದರೋ ಅದರ ಮೂಲಕ ಹಾದುಬರುವ ಸಮಸ್ತ ಗ್ರಂಥಗಳನ್ನೂ ಒಂದೇ ರೀತಿಯಾಗಿ ಕೆಡಿಸುವುದು. ಆದಕಾರಣ ಇದು ಕೇವಲ ಯಂತ್ರಜ್ಞರ ವಿಷಯವೆಂದು ಪಂಡಿತರು ಉಪೇಕ್ಷಿಸತಕ್ಕುದಲ್ಲ.

ಪ್ರಕೃತದಲ್ಲಿ ಎರಡು ಪದ್ಧತಿಗಳಿವೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರವಿನ್ಯಾಸಗಳು ಕನ್ನಡ ಲಿಪಿಯನ್ನು ಆಕೃತಿಖಂಡಗಳಾಗಿ ಒಡೆದು, ಆ ಖಂಡಗಳನ್ನು ಇಂಗ್ಲಿಷ್ ಮೊದಲಾದ ಲಿಪಿಗಳ ಸ್ಥಾನಗಳಲ್ಲಿ ಕೂರಿಸಿದುವು. ಅಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಪ್ರಮಾಣ. ಯೂನಿಕೋಡ್ ಎಂಬ ಸಂಕೇತಪದ್ಧತಿಯ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವರ್ಗವು ಮೀಸಲಾಯಿತು. ಇಲ್ಲಿ ವರ್ಣಗಳು ಉಚ್ಚಾರಣಕ್ರಮದಲ್ಲಿ ಸಂಗ್ರಹಿಸಲ್ಪಡುತ್ತವೆ. ಒತ್ತು, ಗುಣಿತ, ಅರ್ಕಾವೊತ್ತುಗಳ ಆಕೃತಿಯು ತೋರಿಸುವ ಕಾಲದಲ್ಲಿ ಉತ್ಪನ್ನವಾಗುವುದು. ಮೊದಲನೆಯದು ರೂಪವನ್ನು ಹಿಡಿದಿದೆ, ಎರಡನೆಯದು ವರ್ಣವನ್ನು ಹಿಡಿದಿದೆ. ವೈಯಾಕರಣರ ದೃಷ್ಟಿಗೆ ಎರಡನೆಯದೇ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಒಂದು ಸಂಕೇತದ ಸ್ಥಾನದಲ್ಲಿ ಮತ್ತೊಂದನ್ನು ಪಟ್ಟಿಯಂತೆ ಆದೇಶಮಾಡಿದರೆ ಪರಿವರ್ತನವು ಸಿದ್ಧಿಸುವುದೆಂದು ಕೆಲವರ ಮತ. ಇದು ಯುಕ್ತವಲ್ಲ. ‘ಕರ್ನಾಟಕ’ ಎಂಬ ಶಬ್ದವನ್ನೇ ನೋಡಬಹುದು. ನುಡಿಯಲ್ಲಿ ಅರ್ಕಾವೊತ್ತಿನ ಖಂಡವು ‘ನಾ’ ಎಂಬುದರ ಅನಂತರ ನಿಂತಿದೆ. ಯೂನಿಕೋಡಿನಲ್ಲಿ ರೇಫವು ನಕಾರಕ್ಕೆ ಪೂರ್ವದಲ್ಲಿರಬೇಕು. ಕ್ರಮವನ್ನು ಬದಲಿಸದೆ ಆದೇಶಮಾತ್ರವನ್ನು ಮಾಡಿದರೆ ‘ಕನಾರ್ಟಕ’ ಎಂಬ ಅಪಶಬ್ದವು ಹುಟ್ಟುವುದು. ರೇಫವು ಎಷ್ಟು ವರ್ಣಗಳನ್ನು ದಾಟಿ ಹಿಂದಕ್ಕೆ ಹೋಗಬೇಕೆಂಬುದು ಅಕ್ಷರದ ಎಲ್ಲೆಯನ್ನು ಬಲ್ಲವನಿಗೆ ಮಾತ್ರ ಸಾಧ್ಯ. ಆದುದರಿಂದ ಪರಿವರ್ತನವು ವ್ಯಾಕರಣವನ್ನೇ ಅಪೇಕ್ಷಿಸುತ್ತದೆ.

ವೇದಾಧ್ಯಯನಸಂಪ್ರದಾಯದಲ್ಲಿ ಇದಕ್ಕೆ ಸಮಾನವಾದ ವಿಚಾರವುಂಟು. ಪದಪಾಠದಿಂದ ಸಂಹಿತೆಯನ್ನು ಸಾಧಿಸಲು ಪ್ರಾತಿಶಾಖ್ಯದ ನಿಯಮಗಳಿವೆ. ಸಂಹಿತೆಯಿಂದ ಪದಗಳನ್ನು ಬಿಡಿಸುವುದಕ್ಕೆ ಅರ್ಥಜ್ಞಾನವೂ ಬೇಕು. ಹಾಗೆಯೇ ವರ್ಣದಿಂದ ಆಕೃತಿಗೆ ಹೋಗುವ ಮಾರ್ಗವು ನಿಯತ, ಆಕೃತಿಯಿಂದ ವರ್ಣಕ್ಕೆ ಬರುವ ಮಾರ್ಗವು ಸಂದಿಗ್ಧ. ನುಡಿಯಲ್ಲಿ ಕಕಾರದ ಒಂದು ಖಂಡವು ಇಂಗ್ಲಿಷಿನ ‘ಪಿ’ ಅಕ್ಷರದ ಸ್ಥಾನದಲ್ಲಿದೆ. ಅಕ್ಷರವಿನ್ಯಾಸದ ಹೆಸರು ಕಳೆದುಹೋದ ಬರಿಯ ಪಾಠದಲ್ಲಿ ಅದು ಕಕಾರವೋ ಇಂಗ್ಲಿಷ್ ಅಕ್ಷರವೋ ಎಂಬುದನ್ನು ಸಂಕೇತವೇ ಹೇಳಲಾರದು. ‘ಸೈಂಧವ’ವೆಂದರೆ ಉಪ್ಪೋ ಕುದುರೆಯೋ ಎಂಬುದನ್ನು ಪ್ರಕರಣವು ನಿರ್ಣಯಿಸುವಂತೆ ಇಲ್ಲಿಯೂ ಪ್ರಕರಣವೇ ಶರಣು, ಆ ಪ್ರಕರಣವನ್ನು ಪಾಠದೊಡನೆ ಕಾಪಾಡದವನು ಅರ್ಥವನ್ನೇ ಕಳೆದಂತಾಯಿತು.

ಕಣ್ಣಿಗೆ ಕಾಣದ ದೋಷಗಳು ಇನ್ನೂ ಕ್ರೂರವಾದುವು. ನುಡಿಯಲ್ಲಿ ದೀರ್ಘಚಿಹ್ನೆಯು ಪ್ರತ್ಯೇಕ ಖಂಡ. ಅದನ್ನು ಹಾಗೆಯೇ ತಂದರೆ ‘ದೇವ’ ಎಂಬುದು ನಾಲ್ಕು ಸಂಕೇತಗಳಾಗುವುದು. ನೇರವಾಗಿ ಯೂನಿಕೋಡಿನಲ್ಲಿ ಬರೆದರೆ ಮೂರು. ನೋಟಕ್ಕೆ ಎರಡೂ ಒಂದೇ. ಆದರೆ ಎರಡನ್ನೂ ಏಕರೂಪಕ್ಕೆ ತಾರದ ಡೇಟಾಬೇಸಿನಲ್ಲಿ ಒಂದನ್ನು ಹುಡುಕಿದವನಿಗೆ ಮತ್ತೊಂದು ದೊರೆಯದು, ಗ್ರಂಥವಿದ್ದೂ ಇಲ್ಲದಂತಾಗುವುದು. ಅನುಸ್ವಾರದ ಬದಲು ಸೊನ್ನೆಯ ಅಂಕೆಯನ್ನು ಬರೆದಲ್ಲಿಯೂ ಇದೇ ಗತಿ. ‘ರ‍್ಯಾಂಕ್’ ಎಂಬಲ್ಲಿ ರಕಾರವು ಪೂರ್ಣರೂಪದಲ್ಲಿ ನಿಲ್ಲುವುದು ಅಗೋಚರವಾದ ಒಂದು ಸಂಯೋಜಕಚಿಹ್ನೆಯಿಂದ. ಕಸವೆಂದು ಭಾವಿಸಿ ಅದನ್ನು ತೆಗೆದುಹಾಕಿದರೆ ‘ರ್ಯಾಂಕ್’ ಎಂದಾಗುವುದು. ‘ಸ್ತ್ರೀ’ ಎಂಬುದು ಅಕ್ಷರವೊಂದೇ ಆದರೂ ಯೂನಿಕೋಡಿನಲ್ಲಿ 6 ಸಂಕೇತಗಳು, ಯುಟಿಎಫ್-8 ರೂಪದಲ್ಲಿ 18 ಬೈಟುಗಳು. ಬೈಟುಗಳನ್ನೆಣಿಸಿ ಪಾಠವನ್ನು ಕತ್ತರಿಸುವ ತಂತ್ರಾಂಶವು ಅಕ್ಷರದ ಮಧ್ಯದಲ್ಲಿಯೇ ಕತ್ತಿಯನ್ನಿಡುವುದು.

ಹಳಗನ್ನಡದ ಪಾಠಗಳಲ್ಲಿ ಹಾನಿಯು ಅತ್ಯಧಿಕ. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು; ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವೇಚಿಸಿರುವುದು ವೃಥಾ ಅಲ್ಲ. ಪರಿವರ್ತಕವು ೞಕಾರವನ್ನು ಅರಿಯದೆ ಳಕಾರವನ್ನಿಟ್ಟರೆ ಅರ್ಥವೂ ಪ್ರಾಸವೂ ಕೆಡುವುವು. ಪ್ರಾಸಬಲದಿಂದ ಪಾಠವನ್ನು ಶೋಧಿಸುವ ಸಂಪಾದಕನ ಸಾಧನವೇ ನಷ್ಟವಾಗುವುದು. ಯೂನಿಕೋಡೂ ಇಲ್ಲಿ ನಿರ್ದೋಷವಲ್ಲ. ೞಕಾರಕ್ಕೆ ಅದರಲ್ಲಿ ಪ್ರಮಾದದಿಂದ ಇಂಗ್ಲಿಷಿನ ‘ಎಫ್’ ಧ್ವನಿಯ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ಉಳಿದು, ತಿದ್ದುಪಡಿಯ ಉಪನಾಮವೊಂದು ಜೊತೆಗೂಡಿತು. ಹೆಸರನ್ನೇ ನಂಬಿ ಪಟ್ಟಿಯನ್ನು ರಚಿಸುವ ಯಂತ್ರಜ್ಞನು ೞಕಾರವನ್ನು ಫಕಾರವೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಅದರ ಸ್ಥಾನವೂ ಹಕಾರದಿಂದ ಆಚೆಗಿರುವುದರಿಂದ ಸಂಕೇತಕ್ರಮದಲ್ಲಿ ಜೋಡಿಸಿದ ಅಕಾರಾದಿಯಲ್ಲಿ ೞಕಾರವು ಕೊನೆಗೆ ಬೀಳುವುದು.

ಇಷ್ಟರಿಂದ ಪರಿವರ್ತಕಗಳು ತ್ಯಾಜ್ಯವೆಂದಾಗುವುದಿಲ್ಲ; ಅವಿಲ್ಲದಿದ್ದರೆ ಹಳೆಯ ಸಂಕೇತಗಳಲ್ಲಿರುವ ಗ್ರಂಥರಾಶಿಯು ಓದಲಾಗದೆ ನಶಿಸುವುದು. ಆದರೆ ಸಂಪಾದನಧರ್ಮವು ಅವುಗಳಿಗೂ ಅನ್ವಯಿಸಬೇಕು. ಮೂಲಕಡತವನ್ನು ಅಕ್ಷರವಿನ್ಯಾಸದ ಹೆಸರಿನೊಡನೆ ಅವಿಕೃತವಾಗಿ ರಕ್ಷಿಸಬೇಕು. ಜಾಲತಾಣದ ಪ್ರವೇಶದ್ವಾರದಲ್ಲಿಯೇ ಒಮ್ಮೆ ಪರಿವರ್ತಿಸಿ, ಒಳಗೆ ಒಂದೇ ರೂಪವನ್ನಿಡಬೇಕು. ಹುಡುಕುವ ಶಬ್ದವನ್ನೂ ಅದೇ ರೂಪಕ್ಕೆ ತರಬೇಕು. ಪರಿವರ್ತಿತಪಾಠವನ್ನು ಹಿಂದಿರುಗಿಸಿ ಮೂಲದೊಡನೆ ತಾಳೆನೋಡಬೇಕು. ಆ ತಾಳೆಯು ಸರಿಹೋದಮಾತ್ರಕ್ಕೆ ಪಾಠವು ಶುದ್ಧವೆಂದು ಹೇಳಲಾಗದು. ಸರಿಹೋಗದಿದ್ದಲ್ಲಿ ದೋಷವುಂಟೆಂಬುದು ಮಾತ್ರ ನಿಶ್ಚಯ. ಸಂದಿಗ್ಧಸ್ಥಳದಲ್ಲಿ ಊಹಿಸದೆ ಗುರುತನ್ನಿಟ್ಟು ವಿದ್ವಾಂಸನ ನಿರ್ಣಯಕ್ಕೆ ಬಿಡಬೇಕು. ತ್ರುಟಿತವಾದ ಓಲೆಯಲ್ಲಿ ಖಾಲಿ ಸ್ಥಳವನ್ನು ಬಿಟ್ಟ ಲಿಪಿಕಾರನು, ಕಲ್ಪಿಸಿ ತುಂಬಿದವನಿಗಿಂತ ಮುಂದಿನವರಿಗೆ ಹೆಚ್ಚಿನ ಉಪಕಾರವನ್ನು ಮಾಡಿದ್ದಾನಷ್ಟೆ.